ಮುಯ್ಯಿ ಕರೆಂಟು

ಸಾಗರದ ಈ ಓಣಿಗೆ ಒಂದೇ ಟಿಸಿ, ನೂರು ಕೆವಿಎ.
ಎರಡು ಕಂಬಗಳ ನಡುವೆ ಕೂತ ಹಳೇ ಹೊಟ್ಟೆ.
ಸಂಜೆ ಆರೂವರೆಗೆ ಗುಂಯ್‌ಗುಡಲು ಶುರು;
ಆ ಗುಂಯ್ ಎಷ್ಟು ಏರಿದರೆ ಫ್ಯೂಸು ಹಾರುತ್ತದೆಂದು
ನನ್ನ ಹಲ್ಲಿಗೆ ಗೊತ್ತು, ಮೀಟರು ಬೇಡ.
ಇಪ್ಪತ್ತಾರು ವರ್ಷದ ಲೈನ್‌ಮನ್. ಹೆಸರು ಗುತ್ಯಪ್ಪ.

ದೊಡ್ಡ ಟಿಸಿ ಕೇಳಿದ ಅರ್ಜಿ
ಮೂರು ವರ್ಷದಿಂದ ಶಿವಮೊಗ್ಗದಲ್ಲಿದೆ.
ಆರೋಗ್ಯವಾಗಿದೆಯಂತೆ.

ಅಷ್ಟರಲ್ಲಿ ಹಲೀಮಾಬಿಯ ಗಿರಣಿಗೆ ಹೊಸ ಮೋಟಾರು,
ಬಸ್ತ್ಯಾಂವನಿಗೆ ಇನ್ನೊಂದು ವೆಲ್ಡಿಂಗ್ ಸೆಟ್ಟು.
ಗಜಾನನ ಗುಡಿಗಾರರ ಆನೆಗಳಿಗೆ
ಈಗ ಯಂತ್ರ ಸೊಂಡಿಲು ತೆಗೆಯುತ್ತದೆ, ಉಳಿ ಕಣ್ಣು ಮಾತ್ರ.
ಕತ್ತಲಾದರೆ ಮೂರು ಆಟೋಗಳು
ಗೂಟಕ್ಕೆ ಕಟ್ಟಿದ ಎಮ್ಮೆಗಳ ಹಾಗೆ
ವೈರು ಕಚ್ಚಿಕೊಂಡು ನಿಲ್ಲುತ್ತವೆ.
ಎಲ್ಲರಿಗೂ ಆರೂವರೆಯೇ ಬೇಕು.

‘ಟಿಸಿ ಸಣ್ಣದಲ್ಲ ಗುತ್ಯಪ್ಪ, ಆರೂವರೆ ದೊಡ್ಡದು’
ಅಂದರು ಹೊಸ ಜೆಇ ತೇಜಾವತಿ ಮೇಡಂ.
ಗಿರಣಿಯ ಹಿಟ್ಟು ಮೆತ್ತಿದ ಬೆಂಚಿನ ಮೇಲೆ
ಒಂದು ಹಾಳೆ ಹಾಸಿದರು:
ಬೆಳಗ್ಗೆ ಒಂದು ದಿಬ್ಬ, ಮಧ್ಯಾಹ್ನ ಬಯಲು,
ಸಂಜೆ ಎದ್ದು ನಿಂತ ಕೊಡಚಾದ್ರಿ.
‘ಈ ತುದಿಯನ್ನು ಕಡಿದು ಈ ಬಯಲಿಗೆ ಸುರಿಯಬೇಕು.
ಸರಿದವರಿಗೆ ಬಿಲ್ಲಿನಲ್ಲಿ ರಿಯಾಯಿತಿ.
ಇದಕ್ಕೆ ಫ್ಲೆಕ್ಸಿಬಲ್ ಅಂತ...’
ಬಸ್ತ್ಯಾಂವ ಬೆಂಚಿನ ಕಾಲು ನೋಡುತ್ತಿದ್ದ.
ಹಲೀಮಾಬಿ ಸೆರಗಿನ ಹಿಟ್ಟು ಕೊಡವಿ ಕೇಳಿದಳು:
‘ಮುಯ್ಯಾಳು ಅಲ್ವೇನಮ್ಮ ಇದು?
ಇವತ್ತು ನಿನ್ನ ಗದ್ದೆ ನಟ್ಟಿ, ನಾಳೆ ನಂದು.
ಊರಲ್ಲಿ ಕೈ ಇರೋದು ಅಷ್ಟೇ.’
ಮೇಡಂ ಹಾಳೆಯ ಮೂಲೆಯಲ್ಲಿ
ಆ ಪದವನ್ನು ಬರೆದುಕೊಂಡರು.

ಗಿರಣಿ ಹನ್ನೊಂದಕ್ಕೆ ಹೋಯಿತು,
ಶಾಲೆಯ ಛಾವಣಿಯ ಹಲಗೆಗಳು ಬಿಸಿಲು ಕಾಯುವ ಹೊತ್ತಿಗೆ.
ಆಟೋಗಳು ನಡುರಾತ್ರಿಗೆ ಹೋದವು;
ಕಂಬಕ್ಕೆ ಬಿಗಿದ ಪುಟ್ಟ ಪೆಟ್ಟಿಗೆ
ಒಂದಾದ ಮೇಲೆ ಒಂದಕ್ಕೆ ಉಣಿಸುತ್ತದೆ.
ಜಗಳವೂ ಆಯಿತು.
ಏಳು ಗಂಟೆಗೆ ಬಾಗಿಲು ಹಾಕಿಕೊಂಡು
ಬಸ್ತ್ಯಾಂವ ಯಾರದೋ ಗೇಟು ಬೆಸೆದ ದಿನ
ಓಣಿಯ ಬಲ್ಬುಗಳೆಲ್ಲ ಕಣ್ಣು ಮಿಟುಕಿಸಿ ಚಾಡಿ ಹೇಳಿದವು.
ನಾಲ್ಕು ದಿನ ಯಾರೂ ಅವನೊಡನೆ ಚಾ ಕುಡಿಯಲಿಲ್ಲ.
ಗೌರಿ ಹಬ್ಬದ ಮುಂಚೆ ಗುಡಿಗಾರರಿಗೆ
ರಾತ್ರಿಯೆಲ್ಲ ಯಂತ್ರ ಬೇಕಾದಾಗ
ತನ್ನ ಸಂಜೆಯನ್ನು ಪೂರಾ ಬಿಟ್ಟುಕೊಟ್ಟವನೂ ಅವನೇ.
ಯಾಕೆ ಅಂತ ಕೇಳಿದರೆ, ರಾಡು ಖಾಲಿಯಾಗಿದೆ ಅಂದ.

ನನ್ನ ಹೆದರಿಕೆ ಬೇರೆ.
ನಾವು ಕಲಿತದ್ದು: ಕರೆಂಟು ಹೊಳೆಯ ಹಾಗೆ,
ಮೇಲಿಂದ ಕೆಳಕ್ಕೆ. ಮೇಲೆ ಸ್ವಿಚ್ಚು ಎಳೆದರೆ
ಕೆಳಗಿನ ತಂತಿ ಹೆಣ.
ಈಗ ಭಾನುವಾರ ಶಾಲೆಗೆ ರಜೆ, ಬಿಸಿಲಿಗೆ ರಜೆಯಿಲ್ಲ;
ಮಕ್ಕಳಿಲ್ಲದ ಕೋಣೆಗಳ ಕರೆಂಟು ಗಡಿ ದಾಟಿ
ಕಂಬ ಹತ್ತಿ ಹಿಂದಕ್ಕೆ ನಡೆಯುತ್ತದೆ.
ನನ್ನ ಎಡಗೈಯ ಎರಡು ಬೆರಳು ಮಡಚುವುದಿಲ್ಲ.
ಒಂದು ಛತ್ರದ ಜನರೇಟರು, ಹೆಣವೆಂದು ಹಿಡಿದ ತಂತಿ.
ಅವತ್ತು ಅದು ಕಳ್ಳನಂತೆ ಹಿತ್ತಿಲಿಂದ ಬಂದಿತ್ತು,
ಈಗ ಹೆಸರು ಹೇಳಿ, ಲೆಕ್ಕ ಬರೆಸಿ ಬರುತ್ತದೆ.
‘ಲೈನು ಹೋದರೆ ಶಾಲೆಯದೂ ತಾನಾಗಿ ನಿಲ್ಲುತ್ತೆ’
ಅಂದರು ಮೇಡಂ. ನಂಬುತ್ತೇನೆ.
ಎರಡೂ ಕಡೆ ಅರ್ಥಿಂಗ್ ಸರಪಳಿ ಹಾಕದೆ
ಏಣಿಯ ಮೊದಲ ಮೆಟ್ಟಿಲೂ ಮುಟ್ಟುವುದಿಲ್ಲ.

ಜೇಬಿನಲ್ಲಿ ಫ್ಯೂಸು ತಂತಿಯ ಸುರುಳಿ,
ಏಪ್ರಿಲ್‌ನಿಂದ ಒಂದು ಗೇಣೂ ಸವೆದಿಲ್ಲ.
ಆರೂವರೆಗೆ ಗಿರಣಿಯ ಬಾಗಿಲಿಗೆ ಬೀಗ,
ಹಳೇ ಹೊಟ್ಟೆ ಉಂಡು ಮಲಗಿದವರ ಹಾಗೆ
ಸಣ್ಣಗೆ ಉಸಿರಾಡುತ್ತಿದೆ.
ಓಣಿಗೆ ಓಣಿಯೇ ಆ ಹೊತ್ತಿನಿಂದ ಸರಿದಿದೆ.
ನನ್ನ ಕಾಲು ಮಾತ್ರ ಸರಿದಿಲ್ಲ:
ದಿನಾ ಬಂದು ಕಂಬದ ಕೆಳಗೆ ನಿಲ್ಲುತ್ತೇನೆ,
ಕಿವಿ ಮೇಲಕ್ಕೆತ್ತಿ.