ಚಿಲ್ಲರೆ ಬಾಕಿ

ಹಾಲಿನವನಿಗೆ ಕೊಟ್ಟಾಯಿತು. ಸಿಲಿಂಡರು ಮುಂದಿನ ವಾರ.
ಬಿಪಿ ಮಾತ್ರೆ ಹದಿನೈದು ದಿನದ್ದು ಸಾಕು ಅಂದೆ,
ಗೋಪಾಳದ ಮೆಡಿಕಲ್ಲಿನ ಹುಡುಗ
ಮಾತಾಡದೆ ಕತ್ತರಿ ಹುಡುಕಿದ.

ಕ್ಯಾಲೆಂಡರಿನ ಬೆನ್ನೇ ನನ್ನ ಲೆಕ್ಕದ ಪುಸ್ತಕ.
ಆರು ಹ್ಯಾಟೆ, ಈ ವಾರ ಇಪ್ಪತ್ತೊಂದು ಮೊಟ್ಟೆ,
ಒಂದನ್ನು ಕುಕ್ಕಿ ಕುಡಿದವಳು ಯಾರೆಂದು
ಇನ್ನೂ ಗೊತ್ತಾಗಿಲ್ಲ.

ಸಂಜೆ ಹೂವಪ್ಪ ಚಿಕ್ಕಪ್ಪನ ತೋಳು ಹಿಡಿದು
ಒಡ್ಡಿಯ ತನಕ ನಡೆಸುತ್ತೇನೆ.
ಮೂವತ್ತು ವರ್ಷ ಸಾಗರದ ಬಸ್ಸಿನ ಕಂಡಕ್ಟರು.
"ಆಯನೂರು, ಕುಂಸಿ, ಚೋರಡಿ...
ಒಳಗೆ ಹೋಗ್ರಿ, ಒಳಗೆ ಜಾಗ ಐತೆ!"
ಕೋಳಿಗಳು ನುಗ್ಗಿ ಹತ್ತುತ್ತವೆ.
ತಲೆ ಎಣಿಸಿ, ತಗಡಿಗೆ ಎರಡು ಏಟು: ರೈಟ್.
ಆಮೇಲೆ ನನ್ನ ಕಡೆ ತಿರುಗಿ,
"ನೀನು ಎಲ್ಲಿ ಇಳೀತೀಯಮ್ಮಾ?"

ನಿನ್ನೆ ತಿಂಗಳ ಲೆಕ್ಕ ಕೂಡುವಾಗ ಕಂಡಿತು,
ನನ್ನ ಬೇಳೆ, ಎಣ್ಣೆಯ ಕೆಳಗೆ ನಡುಗುವ ಅಕ್ಷರ:
"ಕುಂಸಿ ಹೆಂಗಸು. ಕಂಕುಳಲ್ಲಿ ಮಗು.
ಒಂದೂಮುಕ್ಕಾಲು ರೂಪಾಯಿ ಕೊಡಬೇಕು."

ಯಾವ ಕಾಲದ ಚಿಲ್ಲರೆಯೋ.
ಆ ಮಗುವಿಗೇ ಈಗ ಮೊಮ್ಮಕ್ಕಳಿರಬಹುದು.

ಹೊಡೆದು ಹಾಕಲು ಪೆನ್ನೆತ್ತಿದೆ.
ತವಡಿನ ಬಾಬ್ತು ಮೊದಲೇ ನಲವತ್ತು ಸಾಲದು.
ಒಳಗೆ ಚಿಕ್ಕಪ್ಪ ಕೆಮ್ಮಿದ.
ಮೇಲಿನಿಂದ ಮತ್ತೊಮ್ಮೆ ಕೂಡುತ್ತ ಬಂದೆ,
ಅದನ್ನೂ ಸೇರಿಸಿ.