ಮೂರು ತೂಬು

ಮಂಡ್ಯದ ಬೆಲ್ಲದ ಯಾರ್ಡು, ಹನ್ನೊಂದನೇ ನಂಬರಿನ ಮಂಡಿ.
ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದೇನೆ
ಊಟದ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ.
ಹಿಂದೆ ಮೂರು ವಯರು, ಮುಂದೆ ಮೂರು ಹಸಿರು ದೀಪ.

ಒಂದು, ನಯಾಜನ ಫೈಬರು,
ಕಂಬದಿಂದ ಕಂಬಕ್ಕೆ, ಹುಣಸೇಮರದ ಕೊಂಬೆ ಹಾದು;
ಒಂದು, ಸರ್ಕಾರಿ ಟೆಲಿಫೋನಿನ ತಾಮ್ರದ ತಂತಿ,
ನನಗಿಂತ ಎರಡು ವರ್ಷ ಹಿರಿಯ, ಹನಿ ಬಿದ್ದರೆ ಕೆಮ್ಮುತ್ತಾನೆ;
ಇನ್ನೊಂದು ಬರೀ ಸಿಮ್ಮು,
ಕಿಟಕಿಯಾಚೆ ಚಾಚಿದ ಜೋಡಿ ಕೊಂಬಿನ ಆಂಟೆನಾ.
ಕಾಗೆ ಕೂತರೆ ಸಿಗ್ನಲ್ಲು ಒಂದು ಕಡ್ಡಿ ಇಳಿಯುತ್ತೆ ಅಂತ
ಗುಮಾಸ್ತೆ ಚಂದ್ರಕಲಾರ ನಂಬಿಕೆ. ನಾನು ಅಲ್ಲಗಳೆದಿಲ್ಲ.

ಸಾಹುಕಾರ ಬೋರಲಿಂಗಯ್ಯ ಕೇಳಿದರು:
'ಮೂರಕ್ಕೂ ದುಡ್ಡು ಕಟ್ತೀನಲ್ಲಪ್ಪ,
ಮೂರೂ ಸೇರಿ ಒಂದೇ ಹೊಳೆಯಾಗಿ ಹರಿಯಲ್ವಾ?'

ಹಾಗಾಗಲ್ಲ ಅಂತ ಹೇಳುವುದು
ನನ್ನ ಕಸುಬಿನ ಅರ್ಧ.
ಒಂದು ಮಾತು ಒಂದೇ ದಾರಿ ಹಿಡಿಯುತ್ತದೆ.
ನೂರು ಮಾತಿದ್ದರೆ ಹಂಚಬಹುದು:
ಫೈಬರಿಗೆ ಆರು ಪಾಲು, ತಾಮ್ರಕ್ಕೆ ಮೂರು, ಸಿಮ್ಮಿಗೆ ಒಂದು.
ಬ್ಯಾಂಕಿನ ಜೊತೆಗಿನ ಮಾತಿಗಂತೂ ನಡುವೆ ದಾರಿ ಬದಲಿಸುವಂತಿಲ್ಲ.
ಮುಂಬಾಗಿಲಲ್ಲಿ ಬಂದವನು ಹಿತ್ತಿಲಲ್ಲಿ ಕಂಡರೆ
ಕಳ್ಳ ಅನ್ನುತ್ತೆ, ಕತ್ತು ಹಿಡಿದು ದಬ್ಬುತ್ತೆ,
ಚಂದ್ರಕಲಾ ಮತ್ತೆ ಪಾಸ್‌ವರ್ಡು ಒತ್ತಿ ಒಟಿಪಿಗೆ ಕಾಯಬೇಕು.

ಬೋರಲಿಂಗಯ್ಯ ತಲೆಯಾಡಿಸಿದರು, ಅರ್ಥವಾಗದವರ ಹಾಗೆ.
ಬೈಕಿನ ಹಿಂದೆ ಕೂತು ಸುಮ್ಮನೆ ಬಂದಿದ್ದ ನಮ್ಮಪ್ಪ
ಬೆಂಚಿನ ಮೇಲಿಂದ, ಬೆಲ್ಲದ ಚೂರು ಚೀಪುತ್ತ, ಅಂದ:
'ಒಬ್ಬನ ಸರದಿ ಮುಗ್ಯೋಗಂಟ
ಅವನ ತೂಬು ಇಳಿಸಬಾರ್ದು. ಅಷ್ಟೇ ತಾನೆ?'

ಅಷ್ಟೇ.
ಮೂವತ್ತೊಂದು ವರ್ಷ ನಾಲೆಯ ಸೌಡಿ ಅವನು.
ರಾತ್ರಿ ಎರಡಕ್ಕೆ ಲಾಟೀನು ಹಿಡಿದು ಹೋಗಿ
ಕೊನೇ ಗದ್ದೆಯ ಕೆಸರಿಗೆ ಕೈಯಿಟ್ಟು ನೋಡಿಯೇ
ನೀರು ತಲುಪಿತು ಅನ್ನುತ್ತಿದ್ದ. ತೂಬಿನ ಬಾಯಿ ನೋಡಿ ಎಂದೂ ಅಲ್ಲ.
ನಾನೂ ಪೆಟ್ಟಿಗೆಗೆ ಹೇಳಿಕೊಟ್ಟಿದ್ದೇನೆ: ದೀಪವನ್ನು ನಂಬಬೇಡ.
ಐದು ಸೆಕೆಂಡಿಗೊಮ್ಮೆ ಬಲು ದೂರದ ಒಂದು ವಿಳಾಸಕ್ಕೆ
'ಇದ್ದೀಯಾ?' ಅಂತ ಕೂಗು.
ಮೂರು ಕೂಗಿಗೂ ಓಗೊಡದಿದ್ದರೆ ಆ ದಾರಿ ಬಿಡು.

ಎರಡೂ ಹತ್ತಕ್ಕೆ ಹರಾಜು ಸ್ಕ್ರೀನಿಗೆ ಬಂತು.
ಅಚ್ಚು ಬೆಲ್ಲ, ಲಾಟು ನಲವತ್ತೇಳು, ಪಾಂಡವಪುರದ ಕಡೆಯ ಆಲೆಮನೆ.
ಸೇಲಂನಲ್ಲೊಬ್ಬ, ರಾಜಕೋಟೆಯಲ್ಲೊಬ್ಬ
ದನಿಯಿಲ್ಲದೆ ಏರುತ್ತಿದ್ದರು, ಹತ್ತು ಹತ್ತು ರೂಪಾಯಿ.
ನಾಲ್ಕು ಸಾವಿರದ ನಲವತ್ತು.
ಆಗ ನೂರಡಿ ರಸ್ತೆಯಲ್ಲಿ ಜೆಸಿಬಿ
ಚರಂಡಿಗೆ ಬಾಯಿ ಹಾಕಿತು.

ಫೈಬರಿನ ದೀಪ ಹಸಿರಾಗಿಯೇ ಇತ್ತು.
ಪೆಟ್ಟಿಗೆ ಕೂಗಿತು.
ಕೂಗಿತು.
ಮೂರನೆಯ ಸಲ ಕೂಗಿತು.
ತಾಮ್ರದ ಮುದುಕ ಕೆಮ್ಮಿ ಎದ್ದ.
ನಾಲ್ಕು ಸಾವಿರದ ಎಂಬತ್ತು. ಲಾಟು ಬಿತ್ತು.

'ಏನೋ ನಿಧಾನ ಇವತ್ತು,' ಅಂದರು ಬೋರಲಿಂಗಯ್ಯ,
'ಮೂರು ಮೂರು ವಯರು ಹಾಕ್ಸಿ ಏನು ಬಂತು!'
ಚಂದ್ರಕಲಾ ಕಿಟಕಿಯಾಚೆ ಕಾಗೆ ಹುಡುಕಿದರು.
ಅಪ್ಪ ಮಾತ್ರ ನನ್ನ ಕಡೆ ಬಗ್ಗಿ, 'ಬದ್ಲಾಯ್ತಾ?' ಅಂದ.
ನಿನಗೆ ಹೇಗೆ ಗೊತ್ತಾಯಿತು ಅಂದೆ.
'ಕಾಲು ಕುಣಿಸ್ತಿದ್ದವನು ನಿಲ್ಲಿಸ್ದೆ.'

ಸಂಜೆ ಐದೂವರೆಗೆ ನಯಾಜನ ಫೋನು, ಬೆಸುಗೆ ಆಯಿತು ಅಂತ.
ದಾರಿ ಓಗೊಟ್ಟಿತು. ಪೆಟ್ಟಿಗೆ ಆದರೂ ಹಿಂದಿರುಗಲಿಲ್ಲ;
ಎರಡು ನಿಮಿಷ ಸತತ ಓಗೊಡಲಿ ಅಂತ ಕಾಯುತ್ತಿತ್ತು,
ನಾನೇ ಬರೆದ ನಿಯಮ.
'ಏರಿ ಕಟ್ಟಿದ ತಕ್ಷಣ ನೀರು ಬುಡಬಾರ್ದು ಕಣ್ಲಾ,
ಮಣ್ಣು ಕೂರಬೇಕು,' ಅಂದ ಅಪ್ಪ,
ಯಾರೂ ಕೇಳಿರಲಿಲ್ಲ ಅವನನ್ನ.

ಇಬ್ಬರೂ ಪೆಟ್ಟಿಗೆಯನ್ನೇ ನೋಡುತ್ತ ಕೂತೆವು.
ಬೆಲ್ಲದ ಮೂಟೆಯ ಕಡೆಯಿಂದ ಇರುವೆ ಸಾಲು ಗೋಡೆ ಹತ್ತಿ,
ಅದರ ಬೆಚ್ಚನೆ ಬೆನ್ನಿನ ಸೀಳಿನಲ್ಲಿ ಒಳಗೆ ಹೋಗುತ್ತಿತ್ತು.
ನಾಲ್ಕನೆಯ ಲೈನು.
ಅಪ್ಪ ಬೆರಳಲ್ಲಿ ಒರೆಸಲು ಹೋದ. ಮತ್ತೆ ಸುಮ್ಮನಾದ.