ಬೆರಳುದ್ದದ ಸಾಲ

ತ್ಸಾಂಗ್‌ಝೌ ಊರಿನಾಚೆ, ಮುಚ್ಚಿದ ಹತ್ತಿಗಿರಣಿಯ ಹಿಂದೆ
ಗೆಂಗ್ ಮೇಷ್ಟ್ರ ಅಂಗಳ. ನನಗೆ ಹನ್ನೊಂದು.
ಕಲ್ಲಿದ್ದಲ ಲಾರಿಯ ಅಪ್ಪ
ಒಂದು ಹೊದಿಕೆ, ಒಂದು ಬಟ್ಟಲು,
ಎರಡು ಜೊತೆ ಬಟ್ಟೆಬೂಟು ಇಳಿಸಿ
ಹಾರ್ನ್ ಹೊಡೆಯದೆ ಹೋದ.

ನಾಲ್ಕೂವರೆಗೆ ತಗಡಿನ ಗಂಟೆ.
ಚಳಿಗೆ ಟವೆಲ್ಲು ಹಲಗೆಯಂತೆ ಸೆಟೆದು
ಗೋಡೆಗೊರಗಿ ನಿಂತಿರುತ್ತಿತ್ತು.
"ನೋಡಿ, ನಿಮಗಿಂತ ಚೆನ್ನಾಗಿ ನಿಲ್ಲುತ್ತೆ"
ಎನ್ನುತ್ತಿದ್ದರು ಮೇಷ್ಟ್ರು, ನಗದೆ.

ಮೊದಲ ವರ್ಷ ಪೂರ್ತಿ ಬರೀ ನಿಲ್ಲುವುದು.
ಕುದುರೆಯಿಲ್ಲದ ಸವಾರರು ನಾವು, ಇಪ್ಪತ್ತಾರು ಮಂದಿ,
ತೊಡೆ ನೆಲಕ್ಕೆ ಸಮ, ಮುಷ್ಟಿ ಸೊಂಟಕ್ಕೆ,
ಮೂಗಿನ ತುದಿಯಲ್ಲಿ ಬೀಳದ ಒಂದು ಹನಿ.
ಹೊಡೆಯೋದು ಯಾವಾಗ ಕಲಿಸ್ತೀರಿ, ಎಂದ ಹೊಸಬನ ಎದೆಗೆ
ಮೇಷ್ಟ್ರು ಒಂದು ಬೆರಳು ಮುಟ್ಟಿಸಿದರು.
ಅವನು ಕೂತುಬಿಟ್ಟ.

ಗಡಿಯಾರವಿತ್ತು, ಅಡುಗೆಮನೆಯಲ್ಲಿ,
ಎಲೆಕೋಸಿನ ಸಾರಿನ ಹಬೆ ಹತ್ತಿ ಮಂಕಾಗಿ.
ಅಂಗಳಕ್ಕೆ ಊದುಬತ್ತಿ.
ಬೂದಿ ತುಂಬಿದ ಒಡಕು ಬಟ್ಟಲಲ್ಲಿ ಒಂದು ಕಡ್ಡಿ;
ಅದು ಉರಿದು ಮುಗಿಯುವ ತನಕ
ಕುದುರೆ ಇಳಿಯುವಂತಿಲ್ಲ.
ಹಚ್ಚುವ ಕೆಲಸ ನನ್ನದು.

ಮೊದಲ ಸಲ ಮುರಿದದ್ದು ಲಾಯ್‌ಶುನ್‌ಗಾಗಿ.
ಅವನ ಮಂಡಿ ಹಬೆಯಲ್ಲಿ ಬೆಂದ ರೊಟ್ಟಿಯ ಹಾಗೆ ಊದಿತ್ತು.
ಉಗುರಿನಷ್ಟು, ತುದಿಯಿಂದ.
ಯಾರಿಗೆ ಗೊತ್ತಾಗುತ್ತೆ?
ಎರಡನೆಯ ಸಲ ನನಗಾಗಿ.
ಆಮೇಲೆ ಯಾರಿಗೆಂದು ಕೇಳಿಕೊಳ್ಳುವುದನ್ನೇ ಬಿಟ್ಟೆ,
ಬೆರಳುದ್ದ ಮುರಿದೆ ದಿನಾ.
ಚೂರುಗಳು ಎಲಚಿ ಮರದ ಪೊಟರೆಗೆ.
ಇಪ್ಪತ್ತಾರು ಜೊತೆ ತೊಡೆಗಳು
ನನ್ನ ಹೆಬ್ಬೆರಳಿಗೆ ಋಣಿ, ತಮಗೇ ತಿಳಿಯದೆ.

ಭಾನುವಾರ ಫೋನಿನ ಸಾಲು. ತಲಾ ಐದು ನಿಮಿಷ.
ಲಾಯ್‌ಶುನ್‌ನ ಅಜ್ಜಿಗೆ ಕಿವಿ ಮಂದ.
ಅಂಗಡಿ ಬೀದಿಯೆಲ್ಲ ತಿರುಗಿ ನೋಡುವಂತೆ ಕೂಗಿದ:
"ನಿಂತೆ ಅಜ್ಜಿ! ಪೂರಾ ಒಂದು ಕಡ್ಡಿ ನಿಂತೆ!
ಪೂರಾ!"
ಅವನ ಹಿಂದಿದ್ದ ನಾನು ಬಗ್ಗಿ
ಬೂಟಿನ ದಾರ ಬಿಚ್ಚಿದೆ, ಕಟ್ಟಿದೆ, ಮತ್ತೆ ಬಿಚ್ಚಿದೆ.

ಎಲಚಿ ಚಿಗುರುವ ಹೊತ್ತಿಗೆ ಕರೆ ಬಂತು.
ಮೇಷ್ಟ್ರ ಮೇಜಿನ ಮೇಲೆ
ಹೊಲಿಗೆ ದಾರದಲ್ಲಿ ಕಟ್ಟಿದ ಪುಟ್ಟ ಕಂತೆ.
"ಗೆದ್ದಲು ಹಿಡೀತೇನೋ ಅಂತ ಪೊಟರೆಗೆ ಕೈ ಹಾಕಿದೆ.
ನಲವತ್ತೊಂದು ಇವೆ, ಕುವಾಂಗ್."
ಬೈಯಲಿಲ್ಲ. ಕೋಲು ಮೂಲೆಯಲ್ಲೇ ಇತ್ತು.
ಬೆಂಕಿಪೊಟ್ಟಣ ನನ್ನತ್ತ ಸರಿಸಿ
ಕೆಮ್ಮುತ್ತ ಮಲಗಲು ಹೋದರು.

ಒಂದು ಚೂರು ಮುಗಿದರೆ ಇನ್ನೊಂದು.
ಗಿರಣಿಯ ಗೋಡೆ ಮೇಲೆ ಬೆಕ್ಕು ಬಂದು ಕೂತು, ಬೇಸತ್ತು ಹೋಯಿತು.
ಹನ್ನೆರಡನೆಯದಕ್ಕೆ ತೊಡೆ ನನ್ನದಾಗಿರಲಿಲ್ಲ.
ಹದಿನೈದನೆಯದಕ್ಕೆ ಲಾಯ್‌ಶುನ್ ಉಚ್ಚೆಗೆಂದು ಎದ್ದು ಬಂದವನು
ಕಣ್ಣುಜ್ಜಿಕೊಂಡು ನೋಡಿದ, ಏನೂ ಕೇಳಲಿಲ್ಲ,
ಚಡ್ಡಿಯಲ್ಲೇ ನನ್ನ ಪಕ್ಕ ಕುದುರೆ ಹತ್ತಿದ.
ಮಂಡಿ ಕಟಕಟ ಎನ್ನುತ್ತಿತ್ತು.
ಹೋಗಿ ಮಲಗೋ ಎಂದೆ.
"ಸುಮ್ನಿರು, ಉಸಿರು ತಪ್ಪತ್ತೆ" ಎಂದ.
ಬೆಳಕು ಹರಿಯುವ ತನಕ ಇಬ್ಬರೂ
ಮಾತಿಲ್ಲ.

ನಲವತ್ತು ಉರಿದವು.
ಒಂದನ್ನು ಬೂಟಿನೊಳಗೆ ಅಡಗಿಸಿಕೊಂಡೆ.
ಯಾಕೆಂದು ಈಗಲೂ ತಿಳಿಯದು.

ಈಗ ತಿಯಾನ್‌ಜಿನ್‌ನ ಚಿನ್ನದಂಗಡಿಯೊಂದರ ಬಾಗಿಲಲ್ಲಿ
ದಿನಕ್ಕೆ ಹನ್ನೆರಡು ತಾಸು ನಿಲ್ಲುತ್ತೇನೆ.
ಕಲಿತದ್ದು ಇದೊಂದೇ, ಅದಕ್ಕೇ ಸಂಬಳ;
ಯಾರನ್ನೂ ಇನ್ನೂ ಹೊಡೆದಿಲ್ಲ.

ಹೊಸವರ್ಷಕ್ಕೆ ಲಾಯ್‌ಶುನ್‌ನ ಫೋನು.
ನೂಡಲ್ ಅಂಗಡಿ, ಪಾತ್ರೆಗಳ ಸದ್ದು, ಮಗಳ ತಕರಾರು:
"ಮಾಮಾ, ಅಪ್ಪ ಸುಳ್ಳು ಹೇಳ್ತಾನೆ ಅಲ್ವಾ?
ಪೂರಾ ಒಂದು ಕಡ್ಡಿ ನಿಂತಿದ್ನಂತೆ."

ಗಾಜಿನಾಚೆ ಯಾರೋ ಬಳೆ ಅಳತೆ ನೋಡುತ್ತಿದ್ದರು.
"ನಿಂತಿದ್ದ, ಪುಟ್ಟಿ" ಎಂದೆ.
"ಒಂದಕ್ಕಿಂತ ಜಾಸ್ತಿ. ಚಡ್ಡಿಯಲ್ಲಿ."